ಗುಂಡು ಅಂಚೆಯಲ್ಲಿ ಬರುತ್ತದೆ, ಕೇಪು ಬರುವುದಿಲ್ಲ

ಹೋದ ವರ್ಷ ಟೆಕ್ಸಾಸಿನಲ್ಲಿ ಭಾವನ ಮನೆಯಲ್ಲಿ ಮೂರು ವಾರ ಇದ್ದೆ. ಒಂದು ಬೆಳಿಗ್ಗೆ ಪೋಸ್ಟಿನವರು ಬಾಗಿಲ ಮುಂದೆ ಒಂದು ಸಣ್ಣ ಡಬ್ಬ ಇಟ್ಟು ಹೋದರು. ನೋಡಲು ಚಪ್ಪಲಿ ಡಬ್ಬದಷ್ಟಿತ್ತು. ಎತ್ತಲು ಹೋದರೆ ಸೊಂಟ ಹಿಡಿದುಕೊಂಡಿತು.

"ಏನು ಭಾವ ಇದು, ಕಲ್ಲು ತರಿಸಿದ್ರಾ?"

"ಗುಂಡು ಮಾರಾಯ. ಎರಡು ಸಾವಿರ ಇದೆ. ಒಳಗಿಡು."

ಗಾಬರಿಯಾಗಿ ಕೆಳಗಿಟ್ಟೆ. ಎರಡು ಸಾವಿರ ಗುಂಡು ಅಂದರೆ ಸುಮಾರು ಹದಿನಾರು ಕೆಜಿ. ಅಮೆರಿಕದ ಸರ್ಕಾರಿ ಅಂಚೆ ಅದನ್ನು ಮದುವೆ ಕಾಗದ ತಂದಂತೆ ತಂದು ಇಟ್ಟು ಹೋಗಿದೆ. ಸಹಿ ಇಲ್ಲ, ಕೇಳುವವರಿಲ್ಲ. ಎರಡು ದಿನ ಬಿಟ್ಟು ಯುಪಿಎಸ್ ಅನ್ನುವ ಖಾಸಗಿ ಕೊರಿಯರಿನ ಕಂದು ವ್ಯಾನು ಬಂತು. ಅದರಲ್ಲಿ ಬಂದದ್ದು ಇನ್ನೂ ಹಗುರವಾದ ಡಬ್ಬ. ಅದಕ್ಕೆ ಮಾತ್ರ ದೊಡ್ಡವರ ಸಹಿ ಬೇಕು, ಮೇಲೆ ಅಪಾಯದ ಚೀಟಿ, ಬಿಲ್ಲಿನಲ್ಲಿ ಸಾಗಣೆ ಖರ್ಚಿನ ಜೊತೆ ಹ್ಯಾಜ್‌ಮ್ಯಾಟ್ ಫೀ, ಅಂದರೆ ಅಪಾಯದ ಸರಕಿನ ಶುಲ್ಕ, ಅಂತ ಬೇರೆ ದುಡ್ಡು. ಒಳಗಿದ್ದದ್ದು ಪ್ರೈಮರ್ ಮತ್ತು ಮದ್ದಿನ ಪುಡಿ. ಮನುಷ್ಯನಿಗೆ ತಾಗಿ ಕೊಲ್ಲುವ ವಸ್ತು ಅಂಚೆಯಲ್ಲಿ ಆರಾಮಾಗಿ ಬಂತು. ಅದನ್ನು ತಳ್ಳುವ ಪುಡಿಗೆ ಮಾತ್ರ ಇಷ್ಟೆಲ್ಲ ರಗಳೆ. ಇದೆಂಥ ಲೆಕ್ಕ ಅಂತ ತಲೆ ಕೆಡಿಸಿಕೊಂಡು ಓದತೊಡಗಿದೆ. ಓದುತ್ತಾ ಹೋದಂತೆ ಆ ಡಬ್ಬ ಎತ್ತಿದ ನನ್ನ ಬಗ್ಗೆಯೇ ಒಂದು ವಿಷಯ ಗೊತ್ತಾಯಿತು. ಅದಕ್ಕೆ ಆಮೇಲೆ ಬರುತ್ತೇನೆ.

ಮಲೆನಾಡಿನವರಿಗೆ ಇದನ್ನು ವಿವರಿಸುವುದು ಸುಲಭ. ಅಜ್ಜನ ಕಾಲದ ಕೇಪಿನ ಕೋವಿ ನೆನಪಿಸಿಕೊಳ್ಳಿ. ನಳಿಗೆಯ ಬಾಯಿಂದ ಮದ್ದು ಸುರಿಯಬೇಕು, ತೆಂಗಿನ ನಾರು ತುರುಕಿ ಗಜದಲ್ಲಿ ಜಡಿಯಬೇಕು, ಮೇಲೆ ಗುಂಡೋ ಚರೆಯೋ ಹಾಕಬೇಕು, ಹಿಂದೆ ಕಿವಿಯ ಮೇಲೆ ಕೇಪು ಕೂರಿಸಬೇಕು. ಕುದುರೆ, ಅಂದರೆ ಕೋವಿಯ ಸುತ್ತಿಗೆ, ಬಿದ್ದರೆ ಕೇಪು ಸಿಡಿದು ಮದ್ದಿಗೆ ಕಿಡಿ ಹೋಗುತ್ತದೆ. ತೋಟಾ ಅಂದರೆ ಇದೇ ಸಾಮಾನನ್ನೆಲ್ಲ ಒಂದು ಹಿತ್ತಾಳೆ ಚಿಪ್ಪಿನೊಳಗೆ ಮೊದಲೇ ಕಟ್ಟಿಟ್ಟದ್ದು. ಚಿಪ್ಪು, ಕೇಪು, ಮದ್ದು, ಗುಂಡು, ನಾಲ್ಕೇ ಸಾಮಾನು. ಪ್ರೈಮರ್ ಅಂದರೆ ಬೇರೇನಲ್ಲ, ಅದೇ ಕೇಪು. ಹೊಡೆದ ಮೇಲೆ ಚಿಪ್ಪು ಹಾಳಾಗುವುದಿಲ್ಲ. ಅದನ್ನು ಆರಿಸಿಕೊಂಡು ಬಂದು, ತೊಳೆದು, ಹೊಸ ಕೇಪು, ಮದ್ದು, ಗುಂಡು ತುಂಬಿದರೆ ಮತ್ತೆ ತೋಟಾ ಆಯಿತು. ಇದಕ್ಕೆ ರೀಲೋಡಿಂಗ್ ಅನ್ನುತ್ತಾರೆ. ಅಮೆರಿಕದಲ್ಲಿ ಶೂಟಿಂಗ್ ಪಂದ್ಯಕ್ಕೆ ಹೋಗುವವರು, ಬೇಟೆಯವರು, ನಿವೃತ್ತಿಯಾದ ಮೇಲೆ ಗ್ಯಾರೇಜಿನಲ್ಲಿ ಹೊತ್ತು ಕಳೆಯುವವರು ಹೀಗೆ ತುಂಬಾ ಜನ ಇದನ್ನು ಮಾಡುತ್ತಾರೆ. ಭಾವ ಮೂರನೇ ಗುಂಪು.

ಮೊದಲು ಅಂಚೆ ಇಲಾಖೆ. ಅದರದು ಎಲ್ಲಕ್ಕಿಂತ ನೇರ ನಿಯಮ: ಸಿಡಿಯುವುದು ಬೇಡ. ಅಪಾಯದ ವಸ್ತುಗಳ ಬಗ್ಗೆ ಅವರದೊಂದು ಕೈಪಿಡಿ ಇದೆ, ಪಬ್ಲಿಕೇಷನ್ 52 ಅಂತ ಹೆಸರು. ಅದರ ಪ್ರಕಾರ ತುಂಬಿದ ತೋಟಾ, ಕೇಪು, ಮದ್ದು ಮೂರೂ ಅಂಚೆಗೆ ನಿಷಿದ್ಧ. ಒಂದೇ ಒಂದು ತೋಟಾ ಆದರೂ ಅಷ್ಟೇ, ಊರೊಳಗಿಂದ ಊರೊಳಗೇ ಆದರೂ ಅಷ್ಟೇ. ಗುಂಡು ಮಾತ್ರ, ಅಂದರೆ ಬರಿ ಸೀಸದ ಅಥವಾ ತಾಮ್ರ ಹೊದಿಸಿದ ಸೀಸದ ತುಂಡು, ಅಂಚೆಯ ಕಣ್ಣಿಗೆ ಮೀನು ಹಿಡಿಯುವ ಗಾಳದ ಸೀಸಕ್ಕಿಂತ ಬೇರೆಯಲ್ಲ. ಕೇಪು ಇಲ್ಲದ ಖಾಲಿ ಚಿಪ್ಪು ಬರಿ ಹಿತ್ತಾಳೆ. ಫ್ಲಾಟ್ ರೇಟ್ ಡಬ್ಬ ಅಂತ ಒಂದಿದೆ, ಅದರಲ್ಲಿ ಎಷ್ಟು ಹಿಡಿಯುತ್ತದೋ ಅಷ್ಟು ತುಂಬಿ, 70 ಪೌಂಡ್ ದಾಟದಿದ್ದರೆ ದರ ಒಂದೇ. ಡಬ್ಬದ ದರ ನಿಗದಿ ಮಾಡಿದವರು ಸೀಸ ಮಾರುವವರನ್ನು ಯೋಚಿಸಿರಲಿಕ್ಕಿಲ್ಲ. ಸೀಸದ ಗುಂಡು ಎರಕ ಹೊಯ್ಯುವ ಸಣ್ಣಪುಟ್ಟ ವ್ಯಾಪಾರಗಳು ದೇಶದ ತುಂಬಾ ಇದೇ ಡಬ್ಬವನ್ನು ನಂಬಿವೆ. ಕಷ್ಟ ಏನಿದ್ದರೂ ಪೋಸ್ಟಿನವರ ಬೆನ್ನಿಗೆ.

ಈ ನಿಯಮ ಮುರಿದರೆ? ಗೊತ್ತಿದ್ದೂ ಅಪಾಯದ ವಸ್ತು ಅಂಚೆಗೆ ಹಾಕಿದವರಿಗೆ ಪ್ರತಿ ತಪ್ಪಿಗೆ 250 ಡಾಲರ್‌ನಿಂದ ಒಂದು ಲಕ್ಷ ಡಾಲರ್ ತನಕ ದಂಡ ಹಾಕಬಹುದು ಅಂತ ಕಾನೂನೇ ಹೇಳುತ್ತದೆ. ಸ್ವಚ್ಛ ಮಾಡಿದ ಖರ್ಚು ಬೇರೆ. ಕ್ರಿಮಿನಲ್ ಕೇಸಿನ ದಾರಿಯೂ ಇದೆ.

ಈಗ ಖಾಸಗಿ ಕೊರಿಯರ್. ಕಥೆ ಸ್ವಾರಸ್ಯವಾಗುವುದು ಇಲ್ಲಿ. ಯುಪಿಎಸ್, ಫೆಡೆಕ್ಸ್ ಎರಡೂ ತೋಟಾ ಒಯ್ಯುತ್ತವೆ, ಆದರೆ ನೆಲದ ದಾರಿಯಲ್ಲಿ. ಅವು ಪಾಲಿಸುವುದು ಸಾರಿಗೆ ಇಲಾಖೆಯ ಅಪಾಯಕಾರಿ ವಸ್ತು ನಿಯಮಗಳನ್ನು. ಆ ನಿಯಮದ ಪುಸ್ತಕ ಯಾರು ಕೊಳ್ಳುತ್ತಿದ್ದಾರೆ, ಯಾಕೆ ಕೊಳ್ಳುತ್ತಿದ್ದಾರೆ ಅಂತ ಎಲ್ಲೂ ಕೇಳುವುದಿಲ್ಲ. ಅದು ಕೇಳುವುದು ಒಂದೇ ಪ್ರಶ್ನೆ: ಹೆದ್ದಾರಿಯಲ್ಲಿ ಈ ಲಾರಿಗೆ ಬೆಂಕಿ ಬಿದ್ದರೆ ಈ ಡಬ್ಬ ಏನು ಮಾಡುತ್ತದೆ?

ತುಂಬಿದ ತೋಟಾಗೆ ಆ ಪ್ರಶ್ನೆ ಕೇಳಿದರೆ ಉತ್ತರ ಅಚ್ಚರಿ ಹುಟ್ಟಿಸುತ್ತದೆ. ಸಿನಿಮಾದಲ್ಲಿ ತೋರಿಸುವ ಹಾಗೆ ಗುಂಡುಗಳು ಎಲ್ಲ ಕಡೆ ಹಾರಿ ಜನರನ್ನು ಕೊಲ್ಲುವುದಿಲ್ಲ. ಕೋವಿಯಲ್ಲಿ ತೋಟಾ ಬಲವಾಗುವುದು ಸುತ್ತ ಉಕ್ಕಿನ ಗೋಡೆ ಇರುವುದರಿಂದ, ಉರಿದ ಮದ್ದಿನ ಗಾಳಿಗೆ ದಾರಿ ಮುಂದಕ್ಕೆ ಮಾತ್ರ ಇರುವುದರಿಂದ. ಡಬ್ಬದಲ್ಲಿ ಆ ಗೋಡೆ ಇಲ್ಲ. ಹಿತ್ತಾಳೆ ಬಿರಿಯುತ್ತದೆ, ಪಟ್ ಪಟ್ ಸದ್ದಾಗುತ್ತದೆ, ಚೂರುಗಳು ಸ್ವಲ್ಪ ದೂರ ಹೋಗಿ ಬೀಳುತ್ತವೆ. ಗುಂಡು ಭಾರವಾದ್ದರಿಂದ ಹೆಚ್ಚುಕಡಿಮೆ ಅಲ್ಲೇ ಉಳಿಯುತ್ತದೆ. ತೋಟಾ ತಯಾರಕರ ಸಂಘ, ಸಾಮಿ ಅಂತ, ಅಗ್ನಿಶಾಮಕದವರಿಗೆಂದು ಇದನ್ನು ಸುಟ್ಟು, ಗುದ್ದಿ, ಮೇಲಿಂದ ಕೆಡವಿ ಪರೀಕ್ಷೆ ಮಾಡಿ ವಿಡಿಯೋ ಮಾಡಿದೆ. ಅಂತರರಾಷ್ಟ್ರೀಯ ಪಟ್ಟಿಯಲ್ಲೂ ಸಣ್ಣ ಕೋವಿಯ ತೋಟಾ, ಯುಎನ್ 0012, ಸ್ಫೋಟಕಗಳ ಪೈಕಿ ತೀರಾ ಸಾಧುವಾದ 1.4ಎಸ್ ವರ್ಗದಲ್ಲಿದೆ. ಸಿಡಿದರೂ ಅಪಾಯ ಡಬ್ಬದ ಸುತ್ತಮುತ್ತಲೇ ಮುಗಿಯುತ್ತದೆ ಅಂತ ಅದರ ಅರ್ಥ.

ಹಾಗಾಗಿ ತೋಟಾಗೆ ಲಿಮಿಟೆಡ್ ಕ್ವಾಂಟಿಟಿ ಅನ್ನುವ ರಿಯಾಯಿತಿ ಸಿಗುತ್ತದೆ. ಡಬ್ಬ 30 ಕೆಜಿ ಮೀರಬಾರದು. ತೋಟಾಗಳನ್ನು ಚೀಲದಲ್ಲಿ ಸುಮ್ನೆ ಸುರಿಯುವಂತಿಲ್ಲ, ಒಂದರ ಕೇಪಿಗೆ ಇನ್ನೊಂದು ತಾಗದ ಹಾಗೆ ಒಳಡಬ್ಬಗಳಲ್ಲಿ ಬಿಗಿಯಾಗಿ ಕೂರಿಸಬೇಕು. ಹೊರಗೆ ಒಂದು ಗುರುತು ಸಾಕು: ಚೌಕವನ್ನು ಮೂಲೆಯ ಮೇಲೆ ನಿಲ್ಲಿಸಿದಂತೆ, ಮೇಲಿನ ಕೆಳಗಿನ ಮೂಲೆ ಕಪ್ಪು, ನಡುವೆ ಬಿಳಿ. ಮೊದಲು ಇದಕ್ಕೆ ಒಆರ್‌ಎಂ-ಡಿ ಅಂತ ಬೇರೆ ಗುರುತಿತ್ತು, 2020ರ ಕೊನೆಗೆ ಅದನ್ನು ಪೂರ್ತಿ ತೆಗೆದುಹಾಕಿದರು. ಈಗಲೂ ಹಳೆ ಡಬ್ಬ ಮತ್ತೆ ಬಳಸಿ ಹಳೆ ಗುರುತಿನಲ್ಲೇ ಕಳಿಸಿ ಸಿಕ್ಕಿಬೀಳುವವರಿದ್ದಾರಂತೆ. ನನಗೆ ಮಜಾ ಅನ್ನಿಸಿದ್ದು ಬೇರೆ ವಿಷಯ. ಉಗುರುಬಣ್ಣ, ಹೇರ್‌ಸ್ಪ್ರೇ, ಸೆಂಟಿನ ಪಾರ್ಸೆಲ್ಲಿನ ಮೇಲೂ ಇದೇ ಗುರುತು ಇರುತ್ತದೆ. ಪಕ್ಕದ ಮನೆಯ ಬಾಗಿಲಲ್ಲಿ ಇರುವುದು ಹೆಂಡತಿಯ ಸೆಂಟೋ ಗಂಡನ ತೋಟಾನೋ, ದಾರಿಹೋಕರಿಗೆ ತಿಳಿಯುವುದಿಲ್ಲ.

ಈಗ ಅದೇ ಪ್ರಶ್ನೆಯನ್ನು ಬಿಡಿ ಸಾಮಾನಿಗೆ ಕೇಳಿ. ಕೇಪಿನೊಳಗೆ ಇರುವುದು ಲೆಡ್ ಸ್ಟಿಫ್ನೇಟ್‌ನಂಥ ರಾಸಾಯನಿಕ. ಪೆಟ್ಟು ಬಿದ್ದರೆ ಸಿಡಿಯುವುದೇ ಅದರ ಕೆಲಸ. ಒಂದು ಕೇಪು ಏನೂ ಅಲ್ಲ. ಸಾವಿರ ಕೇಪನ್ನು ಗಾಜಿನ ಬಾಟಲಿಗೆ ಸುರಿದು ಅಲ್ಲಾಡಿಸಿದರೆ ಒಂದು ಸಿಡಿದು ಉಳಿದ 999 ಒಟ್ಟಿಗೇ ಹೋಗಬಹುದು, ಬಾಟಲಿ ಹಿಡಿದ ಕೈ ಅದರ ಜೊತೆ. ಅದಕ್ಕೇ ಕಂಪನಿಯವರು ನೂರು ನೂರರ ತಟ್ಟೆಗಳಲ್ಲಿ ಒಂದೊಂದನ್ನೂ ದೂರದೂರ ಕೂರಿಸಿ ಕೊಡುವುದು. ಅಷ್ಟು ಸಣ್ಣ ವಸ್ತುವಿಗೆ ಅಷ್ಟು ದೊಡ್ಡ ಡಬ್ಬ ಯಾಕೆ ಅಂತ ನಾನೂ ಕೇಳಿದ್ದೆ. ಆ ಪ್ಯಾಕಿಂಗ್ ಬಿಚ್ಚಿದರೆ ಮುಗಿಯಿತು, ಮತ್ತೆ ಕೊರಿಯರ್ ಅದನ್ನು ಮುಟ್ಟುವುದಿಲ್ಲ.

ಈಗಿನ ತೋಟಾಗಳಲ್ಲಿರುವ ಹೊಗೆ ಬಾರದ ಮದ್ದಿನ ಲೆಕ್ಕ ಇನ್ನೊಂದು. ಬಯಲಲ್ಲಿ ಹತ್ತಿಸಿದರೆ ಭುಸ್ಸನೆ ಉರಿದು ಹೋಗುತ್ತದೆ, ಸಿಡಿಯುವುದಿಲ್ಲ. ಹಾಗಾಗಿ ದೇಶದೊಳಗಿನ ಸಾಗಣೆಗೆ ಅದನ್ನು ಸ್ಫೋಟಕದ ಪಟ್ಟಿಯಿಂದ ಇಳಿಸಿ, ಹೊತ್ತಿಕೊಳ್ಳುವ ಘನವಸ್ತು ಅಂತ ಲೆಕ್ಕ ಹಿಡಿಯಲು ಅವಕಾಶ ಇದೆ, ಆದರೆ ಷರತ್ತಿನ ಮೇಲೆ. ಒಂದು ಒಳಡಬ್ಬಿಯಲ್ಲಿ 8 ಪೌಂಡ್ ಮೀರಬಾರದು. ಒಂದು ಲಾರಿಯಲ್ಲಿ ಒಟ್ಟು 100 ಪೌಂಡ್ ಮೀರಬಾರದು. ಅಮೆರಿಕದ ಅಂಗಡಿಗಳಲ್ಲಿ ಮದ್ದಿನ ದೊಡ್ಡ ಡಬ್ಬಿ ಅಂದರೆ 8 ಪೌಂಡಿನದೇ ಯಾಕೆ ಅಂದರೆ ಇದೇ ಕಾರಣ. ನಮ್ಮ ಅಜ್ಜಂದಿರು ಬಳಸಿದ ಕರಿಮದ್ದು ಇನ್ನೂ ಮುಂಗೋಪಿ, ಅದರ ಡಬ್ಬಿಗೆ ಮಿತಿ ಒಂದೇ ಪೌಂಡು.

ಒಂದು ಸಣ್ಣ ಲೆಕ್ಕ ಹಾಕೋಣ. ಒಂಬತ್ತು ಎಂಎಂ ತೋಟಾ ಒಂದಕ್ಕೆ ಸುಮಾರು 5 ಗ್ರೇನ್ ಮದ್ದು ಬೇಕು. ಒಂದು ಪೌಂಡಿಗೆ 7000 ಗ್ರೇನ್. ಅಂದರೆ ಸಾವಿರ ತೋಟಾದ ಡಬ್ಬದಲ್ಲಿ ಸುಮಾರು 325 ಗ್ರಾಂ ಮದ್ದು, ಸಾವಿರ ಕೇಪು. ಇವೆಲ್ಲ ತೋಟಾ ಆಗಿ ಬಂದರೆ ಒಂದು ಕಪ್ಪುಬಿಳಿ ಚೀಟಿ, ಮಾಮೂಲಿ ಸಾಗಣೆ ದರ. ಅಷ್ಟೇ ಮದ್ದು ಅಷ್ಟೇ ಕೇಪು ಬಿಡಿಬಿಡಿಯಾಗಿ ಬಂದರೆ ಹ್ಯಾಜ್‌ಮ್ಯಾಟ್ ಫೀ. ಅನ್ಯಾಯ ಅಂತ ಭಾವ ಗೊಣಗುತ್ತಾರೆ. ನನಗೆ ಹಾಗನ್ನಿಸಲಿಲ್ಲ. ಬೆಂಕಿಯ ಕಣ್ಣಿಂದ ನೋಡಿದರೆ ಲೆಕ್ಕ ಸರಿ ಇದೆ. ತೋಟಾ ಅನ್ನುವುದೇ ಒಂದು ಪ್ಯಾಕಿಂಗು, ಮದ್ದನ್ನು 5 ಗ್ರೇನಿನ ಸಾವಿರ ಹಿತ್ತಾಳೆ ಡಬ್ಬಿಗಳಲ್ಲಿ ಮುಚ್ಚಿಟ್ಟ ಹಾಗೆ.

ಫೀ ವಿಷಯದಲ್ಲಿ ನನ್ನ ತಕರಾರು ಬೇರೆ. ಆ ಫೀ ಬೀಳುವುದು ತೂಕಕ್ಕಲ್ಲ, ಪಾರ್ಸೆಲ್ಲಿಗೆ. ಸಾಮಾನ್ಯವಾಗಿ 20 ಡಾಲರ್ ಮೇಲೆ, ಕೆಲವೆಡೆ 40 ಕೂಡ. ಒಂದು ಪೌಂಡ್ ಮದ್ದು ತರಿಸಿದರೂ ಅಷ್ಟೇ, ಡಬ್ಬ ತುಂಬ ತರಿಸಿದರೂ ಅಷ್ಟೇ. ಹಾಗಾಗಿ ಜನ ಏನು ಮಾಡುತ್ತಾರೆ? ಎರಡು ಮೂರು ಮನೆಯವರು ಸೇರಿ ಒಟ್ಟಿಗೆ ಆರ್ಡರ್ ಹಾಕುತ್ತಾರೆ, ಅಥವಾ ಒಬ್ಬರೇ ಎರಡು ವರ್ಷಕ್ಕಾಗುವಷ್ಟು ತರಿಸಿ ಗ್ಯಾರೇಜಿನಲ್ಲಿಡುತ್ತಾರೆ. ಲಾರಿಯಲ್ಲಿ ಮದ್ದು ಕಡಿಮೆ ಇರಲಿ ಅಂತ ಮಾಡಿದ ನಿಯಮದಿಂದ ಮನೆಯಲ್ಲಿ ಮದ್ದು ಜಾಸ್ತಿ ಆಯಿತು. 2020ರಲ್ಲಿ ಕೊರೊನಾ ಬಂದು ಎಲ್ಲರೂ ತೋಟಾ ಕೊಳ್ಳಲು ಮುಗಿಬಿದ್ದರು. ಅದೇ ವರ್ಷ ಕೋವಿ, ತೋಟಾ, ಕೇಪು ಮಾಡುವ ರೆಮಿಂಗ್ಟನ್ ಕಂಪನಿ ದಿವಾಳಿ ಎದ್ದಿತು. ಸಾವಿರಕ್ಕೆ 30-35 ಡಾಲರ್ ಇದ್ದ ಕೇಪು ನೂರು ದಾಟಿತು. ಒಂದು ಡಬ್ಬಿ ಸಿಕ್ಕರೆ ಸಾಕು ಅನ್ನುವ ಕಾಲದಲ್ಲಿ ಆ ಒಂದು ಡಬ್ಬಿಗೂ ಪೂರ್ತಿ ಫೀ ಕೊಡಬೇಕಾಯಿತು. ಬಡ ಹವ್ಯಾಸಿಗೆ ಬಿದ್ದ ಪೆಟ್ಟು ಅದು. ಬೆಂಕಿಗೂ ಅದಕ್ಕೂ ಸಂಬಂಧ ಇಲ್ಲ.

ಇಷ್ಟು ಕಟ್ಟುನಿಟ್ಟು ಯಾಕೆ ಅನ್ನುವವರು 1996ರ ಮೇ 11 ನೆನಪಿಸಿಕೊಳ್ಳಬೇಕು. ವ್ಯಾಲ್ಯೂಜೆಟ್ 592 ವಿಮಾನ ಫ್ಲೋರಿಡಾದ ಎವರ್‌ಗ್ಲೇಡ್ಸ್ ಜೌಗಿಗೆ ಬಿತ್ತು, 110 ಜನ ಸತ್ತರು. ಸರಕಿನ ಗೂಡಿನಲ್ಲಿ ಸರಿಯಾಗಿ ಕಟ್ಟದ, ಸರಿಯಾಗಿ ಗುರುತು ಹಾಕದ ಹಳೆ ಆಮ್ಲಜನಕದ ಡಬ್ಬಿಗಳಿದ್ದವು. ಅದರಲ್ಲಿ ತೋಟಾ ಇರಲಿಲ್ಲ, ನಿಜ. ಆದರೆ ಒಳಗೆ ಏನಿದೆ ಅಂತ ಹೇಳದೆ ಕಳಿಸಿದ ಡಬ್ಬ ಏನು ಮಾಡಬಲ್ಲದು ಅಂತ ಅವತ್ತು ಗೊತ್ತಾಯಿತು. ಅಪಾಯದ ಸರಕು ಕಟ್ಟುವವರಿಗೆ ಮೂರು ವರ್ಷಕ್ಕೊಮ್ಮೆ ತರಬೇತಿ ಕಡ್ಡಾಯ. ತಪ್ಪಿದರೆ ದಂಡ ಸುಮಾರು ಲಕ್ಷ ಡಾಲರ್ ಮುಟ್ಟಬಹುದು. ಕೊರಿಯರ್ ಕಂಪನಿಗಳು ಸರ್ಕಾರಕ್ಕಿಂತ ಒಂದು ಕೈ ಮೇಲೆ: ಬೀದಿಬದಿಯ ಕೌಂಟರಿನಲ್ಲಿ ತೋಟಾ ತೆಗೆದುಕೊಳ್ಳುವುದೇ ಇಲ್ಲ, ಒಪ್ಪಂದ ಇರುವ ಗಿರಾಕಿಗಳಿಂದ ಮಾತ್ರ. ಅಪ್ಪ ತೀರಿಕೊಂಡ ಮೇಲೆ ಅವರ ಬೀರುವಿನಲ್ಲಿ ಸಿಕ್ಕ ನಾಲ್ಕು ಡಬ್ಬ ತೋಟಾವನ್ನು ಬೇರೆ ಊರಿನ ತಮ್ಮನಿಗೆ ಕಳಿಸಬೇಕು ಅಂದರೆ, ಕಾರಿನಲ್ಲಿ ಹಾಕಿಕೊಂಡು ಹೋಗುವುದೇ ಸುಲಭ. ವಿಮಾನದಲ್ಲಾದರೆ ಚೆಕ್-ಇನ್ ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ 11 ಪೌಂಡ್ ತನಕ ತೋಟಾ ಒಯ್ಯಬಹುದು. ಕೇಪು, ಮದ್ದು ಎಲ್ಲೂ ಬೇಡ.

ಇಲ್ಲಿಯವರೆಗೆ ಮಾತಾಡಿದ್ದು ಲಾರಿಯ ಬಗ್ಗೆ. ತರಿಸಿಕೊಳ್ಳುವ ಕೈ ಯಾರದು ಅನ್ನುವುದು ಬೇರೆಯದೇ ಕಾನೂನು, ಬೇರೆಯದೇ ಇಲಾಖೆ.

1963ರ ಮಾರ್ಚಿನಲ್ಲಿ ಒಬ್ಬ ಎ. ಹಿಡೆಲ್ ಅನ್ನುವ ಸುಳ್ಳು ಹೆಸರಲ್ಲಿ ಶಿಕಾಗೋದ ಅಂಗಡಿಗೆ 21.45 ಡಾಲರ್ ಮನಿ ಆರ್ಡರ್ ಕಳಿಸಿದ. ಡಲ್ಲಾಸ್‌ನ ಅವನ ಅಂಚೆಪೆಟ್ಟಿಗೆಗೆ ದೂರದರ್ಶಕ ಕೂರಿಸಿದ ಇಟಲಿಯ ರೈಫಲ್ ಬಂತು. ನವೆಂಬರಿನಲ್ಲಿ ಅದೇ ರೈಫಲಿನ ಗುಂಡಿಗೆ ಅಧ್ಯಕ್ಷ ಕೆನಡಿ ಸತ್ತರು. ಕಳಿಸಿದವನ ನಿಜವಾದ ಹೆಸರು ಲೀ ಹಾರ್ವಿ ಆಸ್ವಾಲ್ಡ್. ಕಾನೂನು ಬರಲು ಇನ್ನೂ ಐದು ವರ್ಷ, ಇನ್ನೂ ಎರಡು ಹತ್ಯೆ (ಮಾರ್ಟಿನ್ ಲೂಥರ್ ಕಿಂಗ್, ರಾಬರ್ಟ್ ಕೆನಡಿ) ಬೇಕಾದವು. 1968ರ ಗನ್ ಕಂಟ್ರೋಲ್ ಆಕ್ಟ್ ರಾಜ್ಯದಿಂದ ರಾಜ್ಯಕ್ಕೆ ಕೋವಿ, ತೋಟಾ ಎರಡನ್ನೂ ಟಪಾಲಿನಲ್ಲಿ ತರಿಸುವುದನ್ನು ನಿಲ್ಲಿಸಿತು. 1986ರಲ್ಲಿ ಇನ್ನೊಂದು ಕಾನೂನು ಬಂದು ತೋಟಾದ ಬಾಗಿಲನ್ನು ಮತ್ತೆ ತೆರೆಯಿತು. ಇವತ್ತು ಆನ್‌ಲೈನಿನಲ್ಲಿ ತೋಟಾ ಮಾರುವ ಅಂಗಡಿಗಳೆಲ್ಲ ಆ 1986ರ ಮಕ್ಕಳು. ಉಳಿದಿರುವ ಕೇಂದ್ರದ ನಿಯಮ ಕೆಲವೇ: ಲೈಸೆನ್ಸಿನ ಅಂಗಡಿಯವರು ಪಿಸ್ತೂಲಿನ ತೋಟಾವನ್ನು 21ಕ್ಕೆ, ರೈಫಲ್ಲಿನದನ್ನು 18ಕ್ಕೆ ಕೆಳಗಿನವರಿಗೆ ಮಾರುವಂತಿಲ್ಲ, ರಾಜ್ಯದ ಗಡಿ ದಾಟಿಸಿ ಲೈಸೆನ್ಸ್ ಇಲ್ಲದವರಿಗೆ ಕಳಿಸುವಾಗ ಡಬ್ಬದಲ್ಲಿ ಏನಿದೆ ಅಂತ ಕೊರಿಯರಿನವರಿಗೆ ಬರೆದು ತಿಳಿಸಬೇಕು, ಇಂಥವು.

ಉಳಿದದ್ದನ್ನು ರಾಜ್ಯಗಳು ತಮಗೆ ತೋಚಿದಂತೆ ತುಂಬಿಕೊಂಡಿವೆ. ಕ್ಯಾಲಿಫೋರ್ನಿಯಾದಲ್ಲಿ 2016ರಲ್ಲಿ ಜನ ವೋಟು ಹಾಕಿ ಪ್ರಾಪ್ 63 ಅನ್ನುವ ಕಾನೂನು ತಂದರು. 2018ರಿಂದ ತೋಟಾ ನೇರ ಮನೆಗೆ ಬರುವಂತಿಲ್ಲ, ಲೈಸೆನ್ಸಿನ ಅಂಗಡಿಗೆ ಬರಬೇಕು. 2019ರ ಜುಲೈಯಿಂದ ಪ್ರತಿ ಸಲ ಹಿನ್ನೆಲೆ ತಪಾಸಣೆ. ಆರು ಒಲಿಂಪಿಕ್ಸಿನಲ್ಲಿ ಆರು ಪದಕ ಗೆದ್ದ ಶೂಟರ್ ಕಿಮ್ ರೋಡ್ ಇದರ ವಿರುದ್ಧ ಕೋರ್ಟಿಗೆ ಹೋದರು. 2020ರಲ್ಲೂ 2024ರಲ್ಲೂ ಜಿಲ್ಲಾ ನ್ಯಾಯಾಧೀಶರು ಅವರ ಪರ ತೀರ್ಪು ಕೊಟ್ಟರು. 2025ರ ಜುಲೈನಲ್ಲಿ ಮೇಲ್ಮನವಿಯ ಮೂವರ ಪೀಠವೂ 2-1ರಲ್ಲಿ ಅವರ ಪರವೇ ನಿಂತಿತು. ಹಗ್ಗಜಗ್ಗಾಟ ಅಷ್ಟಕ್ಕೆ ಮುಗಿಯುವಂಥದ್ದಲ್ಲ. ತಮಾಷೆ ಏನು ಗೊತ್ತಾ? ಆ ರಾಜ್ಯದ ಮಾರಾಟದ ನಿಯಮದಲ್ಲಿ ತೋಟಾ ಅಂದರೆ ಕೇಪು, ಮದ್ದು, ಗುಂಡು ಎಲ್ಲ ಸೇರಿದ ಪೂರ್ತಿ ತೋಟಾ. ಬಿಡಿ ಸಾಮಾನು ಲೆಕ್ಕಕ್ಕಿಲ್ಲ, ಅದು ಮನೆಗೇ ಬರುತ್ತದೆ. ಮ್ಯಾಸಚೂಸೆಟ್ಸಿನಲ್ಲಿ ಪೂರ್ತಿ ತಿರುವು ಮುರುವು, ಅಲ್ಲಿ ಬಿಡಿ ಕೇಪಿಗೂ ಲೈಸೆನ್ಸ್ ಬೇಕು. ನ್ಯೂಯಾರ್ಕಿನಲ್ಲಿ 2023ರ ಸೆಪ್ಟೆಂಬರಿಂದ ತೋಟಾ ಕೊಳ್ಳುವವರಿಗೂ ತಪಾಸಣೆ ಇದೆ. ಇಷ್ಟು ಗೊಂದಲ ಯಾರಿಗೆ ಬೇಕು ಅಂತ ಎಷ್ಟೋ ಆನ್‌ಲೈನ್ ಅಂಗಡಿಯವರು ಕೆಲವು ರಾಜ್ಯಗಳಿಗೆ ಕಳಿಸುವುದನ್ನೇ ಬಿಟ್ಟಿದ್ದಾರೆ.

ಈಗ ನನ್ನ ವಿಷಯಕ್ಕೆ ಬರುತ್ತೇನೆ. ಕೇಂದ್ರದ ಕೋವಿ ಕಾನೂನಿನಲ್ಲಿ ಅಮ್ಯುನಿಷನ್ ಪದಕ್ಕೆ ಕೊಟ್ಟ ಅರ್ಥ ಓದಿ ಬೆವರು ಬಂತು. ತೋಟಾ ಮಾತ್ರವಲ್ಲ, ಚಿಪ್ಪು, ಕೇಪು, ಗುಂಡು, ಮದ್ದು, ಇವುಗಳಲ್ಲಿ ಯಾವುದೇ ಒಂದು ಇದ್ದರೂ ಅದು ಅಮ್ಯುನಿಷನ್. ಅಂಚೆಗೆ ಬರಿ ಸೀಸವಾದದ್ದು ಇಲ್ಲಿ ಮದ್ದುಗುಂಡು. ಅದೇ ಕಾನೂನು ಯಾರು ಇದನ್ನು ಇಟ್ಟುಕೊಳ್ಳಬಾರದು ಅಂತಲೂ ಪಟ್ಟಿ ಮಾಡಿದೆ. ಅದರಲ್ಲಿ ದೊಡ್ಡ ಅಪರಾಧದಲ್ಲಿ ಶಿಕ್ಷೆಯಾದವರ ಜೊತೆ, ವಲಸೆಗಾರರಲ್ಲದ ವೀಸಾದಲ್ಲಿ ಬಂದವರೂ ಇದ್ದಾರೆ. ಎಚ್-1ಬಿ ಅದೇ ಗುಂಪು. ವಿದ್ಯಾರ್ಥಿ ವೀಸಾ ಅದೇ. ನನ್ನ ಪ್ರವಾಸಿ ವೀಸಾ ಕೂಡ. ಗ್ರೀನ್ ಕಾರ್ಡಿನವರಿಗೆ ಈ ತೊಂದರೆ ಇಲ್ಲ. ಯಾವುದಾದರೂ ರಾಜ್ಯದ ಬೇಟೆ ಲೈಸೆನ್ಸ್ ಇದ್ದರೆ ವಿನಾಯಿತಿ ಇದೆ, ಹಾಗಾಗಿ ಜಿಂಕೆಯ ಮುಖವನ್ನೇ ನೋಡದ ಸಾಫ್ಟ್‌ವೇರ್ ಹುಡುಗರು ಆ ಲೈಸೆನ್ಸ್ ಮಾಡಿಸಿಟ್ಟುಕೊಂಡಿರುತ್ತಾರೆ. ನಾನು ಆ ಡಬ್ಬ ಎತ್ತಿ ಕೆಳಗಿಟ್ಟದ್ದು ಸ್ವಾಧೀನ ಆಗುತ್ತದೋ ಇಲ್ಲವೋ ವಕೀಲರು ಜಗಳ ಮಾಡಬಹುದು. ವೀಸಾ ಪಣಕ್ಕಿಟ್ಟು ಆ ಜಗಳ ನೋಡುವ ಆಸೆ ನನಗಿಲ್ಲ.

ಊರಿಗೆ ಕಳಿಸುವ ಮಾತಂತೂ ಬೇಡವೇ ಬೇಡ. ಅಮೆರಿಕದಿಂದ ಹೊರಗೆ ಕಳಿಸಲು ರಫ್ತಿನ ನಿಯಮ, ಇಲ್ಲಿ ಒಳಗೆ ತರಲು ಆಮದಿನ ಲೈಸೆನ್ಸು. ನಮ್ಮ 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲೂ ಮದ್ದುಗುಂಡು ಅಂದರೆ ಅದರ ಬಿಡಿ ಭಾಗಗಳೂ ಸೇರುತ್ತವೆ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿ ಲೈಸೆನ್ಸಿನಿಂದ ವಿನಾಯಿತಿ ಇದೆಯಲ್ಲ, 2029ರ ಅಕ್ಟೋಬರ್ ತನಕ ಅದನ್ನು ಮುಂದುವರಿಸಿದ್ದಾರೆ, ಹೈಕೋರ್ಟೂ 2021ರಲ್ಲಿ ಎತ್ತಿಹಿಡಿದಿದೆ. ಆದರೆ ಅದು ಕೈಲ್‌ಪೊಳ್ದ್ ಹಬ್ಬಕ್ಕೆ ಪೂಜೆಗಿಡುವ ಮನೆಯ ಕೋವಿಯ ಮಾತು. ಅಮೆರಿಕದ ಅಣ್ಣ ಪಾರ್ಸೆಲ್ ಕಳಿಸಬಹುದು ಅಂತ ಅದರ ಅರ್ಥ ಅಲ್ಲ. ವಿಮಾನ ನಿಲ್ದಾಣಗಳಲ್ಲಿ ಬ್ಯಾಗಿನ ಮೂಲೆಯಲ್ಲಿ ಮರೆತ ಒಂದು ತೋಟಾ ಸ್ಕ್ಯಾನರಿನಲ್ಲಿ ಕಂಡು ಕೇಸಾದವರು ಎಷ್ಟೋ ಜನ. ಗೊತ್ತಿದ್ದೇ ಇಟ್ಟುಕೊಂಡಿದ್ದರಾ ಅನ್ನುವುದು ಮುಖ್ಯ ಅಂತ ಸುಪ್ರೀಂ ಕೋರ್ಟ್ 1972ರಲ್ಲೇ ಹೇಳಿದೆ. ಬೇರೆ ಭಾಗದ ಜೊತೆ ಸೇರಿಸಿ ಬಳಸುವ ಉದ್ದೇಶ ಇಲ್ಲದ ಸಣ್ಣ ಬಿಡಿ ಭಾಗಕ್ಕೆ ಕಾಯ್ದೆಯ 45ನೇ ಸೆಕ್ಷನ್ನಿನಲ್ಲಿ ರಿಯಾಯಿತಿಯೂ ಇದೆ. ಇದನ್ನೆಲ್ಲ ನೋಡಿ ಹೈಕೋರ್ಟುಗಳು ಇಂಥ ಕೇಸುಗಳನ್ನು ರದ್ದು ಮಾಡಿದ್ದುಂಟು. ಅಷ್ಟರಲ್ಲಿ ವಿಮಾನ ಹೋಗಿರುತ್ತದೆ, ವಕೀಲರ ಫೀಸು ಹ್ಯಾಜ್‌ಮ್ಯಾಟ್ ಫೀಯನ್ನು ನಾಚಿಸುವಷ್ಟಾಗಿರುತ್ತದೆ.

ಹೊರಡುವ ದಿನ ಭಾವ ನೆನಪಿಗಿರಲಿ ಅಂತ ಹೊಳೆಯುವ ಹಾಗೆ ಉಜ್ಜಿದ ಒಂದು ಖಾಲಿ ಚಿಪ್ಪು ಕೊಡಲು ಬಂದರು. ಅಂಚೆಗೆ ಅದು ಗುಜರಿ ಹಿತ್ತಾಳೆ, ಕ್ಯಾಲಿಫೋರ್ನಿಯಾಕ್ಕೆ ಏನೂ ಅಲ್ಲ, ವಾಷಿಂಗ್ಟನ್ನಿಗೆ ಮದ್ದುಗುಂಡು, ಬೆಂಗಳೂರಿನ ಸ್ಕ್ಯಾನರಿಗೆ ಏನೋ ದೇವರಿಗೇ ಗೊತ್ತು.

"ಅಲ್ಲೇ ಮೇಜಿನ ಮೇಲೆ ಇಟ್ಟಿರಿ ಭಾವ," ಅಂದೆ, "ಮುಂದಿನ ಸಲ ಬಂದಾಗ ನೋಡಿಕೊಂಡು ಹೋಗ್ತೀನಿ."